ಮೂವತ್ತೊಂದನೇ ಮಹಡಿಯ ಕೋಣೆ

ಕಾಕಿನುಮಾ ಮಸಾಯೋಶಿಯವರು ಅಂದು ಬೆಳಿಗ್ಗೆ ಬಾಯಿತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡೇ ಕನ್ನಡಿಯ ಮುಂದೆ ಘೋರ ಪ್ರತಿಜ್ಞೆ ಮಾಡಿದರು. ಬರುವ ನವೆಂಬರ್ ಇಪ್ಪತ್ತಮೂರಕ್ಕೆ ಮದುವೆಯಾಗಿ ಮೂವತ್ತು ವರ್ಷ. ಅಂದು ಹೆಂಡತಿ ಫುಜಿಯೆಯನ್ನು ಕೋಬೆ ಬಂದರಿನ ಆ ದೊಡ್ಡ ಹೋಟೆಲಿನ ಮೂವತ್ತೊಂದನೇ ಮಹಡಿಗೆ ಹತ್ತಿಸಿಯೇ ಸಿದ್ಧ! ಮೂವತ್ತು ವರ್ಷದಲ್ಲಿ ಗಂಡನ ಯಾವ ಸಾಹಸಕ್ಕೂ ಹುಬ್ಬು ಕೂಡ ಏರಿಸದ ಆ ಮಹಾತಾಯಿ, ಕಾಲಡಿಯಲ್ಲಿ ಸಮುದ್ರ ಕಂಡು ಒಂದೇ ಒಂದು ಸಲ "ಅಬ್ಬಾ!" ಅನ್ನಬೇಕು. ಅಷ್ಟಾದರೆ ಜನ್ಮ ಸಾರ್ಥಕ.

ಇದಕ್ಕೆ ಹಳೆಯದೊಂದು ಕಾರಣವಿತ್ತು. ಮಧುಚಂದ್ರಕ್ಕೆ ಹೊರಟ ದಿನವೇ ಬಿರುಗಾಳಿ ಎದ್ದು ಹಡಗು ನಿಂತುಹೋಗಿ, ನವದಂಪತಿಗಳು ತಮ್ಮ ತಕಾಮತ್ಸು ಊರಿನ ಬಂದರಿನಲ್ಲೇ, ಮೀನಿನ ಗೋದಾಮಿನ ಮೇಲಿದ್ದ ತಂಗುಮನೆಯಲ್ಲಿ ಮೂರು ದಿನ ಕಳೆದಿದ್ದರು. "ಮೂವತ್ತು ವರ್ಷ ತುಂಬ್ಲಿ ಫುಜಿಯೆ, ಆಕಾಶದಲ್ಲೇ ಕೋಣೆ ಹಿಡೀತೀನಿ!" ಎಂದು ಮಸಾಯೋಶಿ ಮಾತು ಕೊಟ್ಟಿದ್ದರು. "ಹಿಡೀರಿ, ಯಾರು ಬೇಡ ಅಂದ್ರು? ಸದ್ಯ ಆ ಕಿಟಕಿ ಮುಚ್ಚಿ, ವಾಸನೆ ಬರ್ತಿದೆ" ಎಂದಿದ್ದರು ಫುಜಿಯೆ.

ಆದರೆ ಮನೆಯ ಖಜಾನೆ ಇದ್ದದ್ದು ಫುಜಿಯೆಯ ಕೈಯಲ್ಲಿ. ಆ ಊರಿನ ಎಲ್ಲ ಗಂಡಂದಿರಂತೆ ಮಸಾಯೋಶಿಯವರೂ ಸಂಬಳ ಪೂರ್ತಿ ಒಪ್ಪಿಸಿ, ತಿಂಗಳಿಗೊಮ್ಮೆ ಕೈಖರ್ಚಿನ ಲಕೋಟೆಯನ್ನು ಎರಡೂ ಕೈಯಲ್ಲಿ ತಗ್ಗಿ ಬಗ್ಗಿ ಪಡೆಯುವವರು. ಆ ಕೋಣೆಯ ಒಂದು ದಿನದ ಬಾಡಿಗೆಯೋ, ಅವರ ನಾಲ್ಕು ತಿಂಗಳ ಲಕೋಟೆ! ಆಗ ಕಣ್ಣಿಗೆ ಬಿದ್ದದ್ದೇ ಹೋಟೆಲಿನವರ ಆ ಪ್ರಕಟಣೆ. ಸದಸ್ಯರಿಗೆ ಸಿಗುವ ನಮ್ಮ ಪಾಯಿಂಟುಗಳನ್ನು ಈಗ ಅರ್ಧ ಬೆಲೆಗೆ ಕೊಳ್ಳಿರಿ, ಹಣದ ಬದಲು ಅವನ್ನೇ ಕೊಟ್ಟು ಕೋಣೆ ಪಡೆಯಿರಿ. ಗಡುವು ಗುರುವಾರ ಮಧ್ಯಾಹ್ನ ಹನ್ನೆರಡು. ಲೆಕ್ಕ ಹಾಕಿದರೆ ಎರಡು ತಿಂಗಳ ಲಕೋಟೆಗೇ ಆಕಾಶ ಸಿಗುತ್ತದೆ!

ಆ ಹಣ ಅವರಲ್ಲಿತ್ತು. ಎರಡು ವರ್ಷದಿಂದ ಮಧ್ಯಾಹ್ನದ ಉದೋನ್ ಶಾವಿಗೆಯ ಮೇಲೆ ಹಿಟ್ಟಿನಲ್ಲಿ ಅದ್ದಿ ಕರಿದ ಸಿಗಡಿ ತೆಂಪುರಾ ಹಾಕಿಸಿಕೊಳ್ಳದೆ, ಬರಿಯ ಸಾರು ಶಾವಿಗೆ ಹೀರಿ ಕೂಡಿಟ್ಟು, ಹಳೆಯ ಕ್ಯಾಮೆರಾ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಗುಪ್ತನಿಧಿ. ಉದೋನಿಗೇ ಹೆಸರಾದ ತಕಾಮತ್ಸುವಿನಲ್ಲಿ ಹುಟ್ಟಿ ತೆಂಪುರಾ ತ್ಯಜಿಸುವುದೆಂದರೆ ಸಂನ್ಯಾಸಕ್ಕಿಂತ ಒಂದು ಕೈ ಮೇಲು!

ಹಣವೇನೋ ಇತ್ತು, ಇಲ್ಲದ್ದು ತೀರ್ಮಾನ. ಮಸಾಯೋಶಿಯವರು ಕಾಲುಚೀಲ ಆರಿಸಲು ಕಾಲು ಗಂಟೆ ತೆಗೆದುಕೊಳ್ಳುವ ಮನುಷ್ಯ. ನವೆಂಬರಿನ ಆ ದಿನಕ್ಕೆ ಪಾಯಿಂಟಿಗೆ ಸಿಗುವ ಕೋಣೆ ಒಂದೇ ಒಂದು ಉಳಿದಿತ್ತು. ಅದನ್ನು ದಿನಕ್ಕೆ ಹತ್ತು ಸಲ ಫೋನಿನಲ್ಲಿ ನೋಡುವುದು, ಚೀಟಿಯಲ್ಲಿ ಲೆಕ್ಕ ಬರೆಯುವುದು, ಹೊಡೆದುಹಾಕುವುದು, ಅಂಗಿಯ ಜೇಬಿಗೆ ತುರುಕುವುದು. ಕೊಂಡ ಮೇಲೆ ಕೋಣೆ ಹೋದರೆ? ಕೊಳ್ಳದೆ ಕೋಣೆ ಉಳಿದರೆ? ಹೀಗೆ ಮೀನಮೇಷ ಎಣಿಸುವುದರಲ್ಲಿ ಒಂಬತ್ತು ದಿನ ಕಳೆದವು.

ನೀರು ಸರಬರಾಜು ಕಚೇರಿಯಲ್ಲಿ ಪಕ್ಕದ ಮೇಜಿನ ನಿಶಿಗಾಕಿ ಈ ಪಾಯಿಂಟು ವಿದ್ಯೆಯಲ್ಲಿ ಪಳಗಿದವಳು. ಗಡುವಿನ ಗುರುವಾರ ಅವಳ ತಾಳ್ಮೆ ಕೆಟ್ಟಿತು.

"ಸರ್, ಪಾಯಿಂಟು ಅಂದ್ರೆ ಉಪ್ಪಿನಕಾಯಿ ಅಲ್ಲ, ತೋಫು. ಇವತ್ತು ತಗೊಂಡು ಇವತ್ತೇ ತಿನ್ಬೇಕು. ತಗೋತೀರೋ ಇಲ್ವೋ?"

"ತಗೊಂಡ ಹಾಗೇ ಲೆಕ್ಕ ಕಣಮ್ಮ. ಇನ್ನೊಂದೇ ಒಂದು ಸಲ ಯೋಚ್ನೆ..."

"ಗಂಟೆ ಹನ್ನೊಂದು ಐವತ್ತು!"

"ಕೋಣೆ ಇನ್ನೂ ಇದೆ ನೋಡು!"

"ಅದಕ್ಕೇನು ಸರ್, ನೀವು ಬರೋವರೆಗೂ ಕಾದಿರ್ತೀನಿ ಅಂತ ಮಾತು ಕೊಟ್ಟಿದೆಯಾ?"

ಆ ಮಾತು ನಾಟಿತು. ಮಸಾಯೋಶಿಯವರು ಕಣ್ಣು ಮುಚ್ಚಿದರು. ಹನ್ನೊಂದು ಐವತ್ತೇಳಕ್ಕೆ ಗುಂಡಿ ಒತ್ತಿಯೇಬಿಟ್ಟರು! ಎರಡು ವರ್ಷದ ಸಿಗಡಿಗಳೆಲ್ಲ ಒಂದೇ ಕ್ಷಣದಲ್ಲಿ ಸಮುದ್ರಕ್ಕೆ ಮರಳಿದವು. ನಿಶಿಗಾಕಿ ಚಪ್ಪಾಳೆ ತಟ್ಟಿದಳು. ಗೆದ್ದ ಸೇನಾಪತಿಯ ಗತ್ತಿನಲ್ಲಿ ಅವರು ಕೋಣೆಯ ಪುಟಕ್ಕೆ ಹೋದರು.

ಕೋಣೆ ಇರಲಿಲ್ಲ.

ಮತ್ತೆ ನೋಡಿದರು. ಕನ್ನಡಕ ಒರೆಸಿ ನೋಡಿದರು. ನಿಶಿಗಾಕಿಯ ಫೋನಿನಲ್ಲಿ ನೋಡಿದರು. ಅಲ್ಲೂ ಇರಲಿಲ್ಲ! ಈ ಏಳೆಂಟು ನಿಮಿಷದಲ್ಲಿ ಯಾರೋ ಹಾರಿಸಿಕೊಂಡು ಹೋಗಿದ್ದರು. ಕೊಂಡ ಪಾಯಿಂಟು ವಾಪಸು ಪಡೆಯುವುದಿಲ್ಲವೆಂದು ಹೋಟೆಲಿನವರ ಪತ್ರವೂ ಬಂತು, ತುಂಬ ವಿನಯದ ಪತ್ರ. ಪಾಯಿಂಟಿಲ್ಲದಾಗ ಕೋಣೆಯಿತ್ತು, ಪಾಯಿಂಟು ಬಂದಾಗ ಕೋಣೆಯಿಲ್ಲ.

"ಯಾರೋ ಭಾರಿ ಪಳಗಿದ ಕೈ ಸರ್" ಎಂದಳು ನಿಶಿಗಾಕಿ, ದನಿ ತಗ್ಗಿಸಿ.

ವಿಚಿತ್ರವೆಂದರೆ, ಮಸಾಯೋಶಿಯವರಿಗೆ ಸಿಟ್ಟು ಬರಲಿಲ್ಲ. ಅವರಿಗೆ ಬೆರಗು ಹತ್ತಿಕೊಂಡಿತು. ಎಂಥ ಮನುಷ್ಯನಿರಬೇಕು! ಬಹುಶಃ ಟೋಕಿಯೋದ ಹಡಗು ಕಂಪನಿಯ ಯಜಮಾನ. ಮೇಜಿನ ಮೇಲೆ ಏಳು ಫೋನು. ಒಂದು ನೋಟ, ಒಂದು ತೀರ್ಮಾನ, ಒಂದು ಬೆರಳು. ಕಾಲುಚೀಲವನ್ನಂತೂ ಆತ ನೋಡದೆಯೇ ಹಾಕಿಕೊಳ್ಳುತ್ತಿರಬೇಕು. ಸಂಜೆ ರೈಲಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಆ ಅಪರಿಚಿತ ಅವರ ಮನಸ್ಸಿನಲ್ಲಿ ಮೂವತ್ತೊಂದು ಮಹಡಿ ಎತ್ತರ ಬೆಳೆದುನಿಂತಿದ್ದ.

ಊಟಕ್ಕೆ ಬೇಯಿಸಿದ ಮೂಲಂಗಿ.

"ಏನ್ರೀ, ಮೂಲಂಗಿ ಬೆಂದಿಲ್ವಾ?" ಎಂದರು ಫುಜಿಯೆ.

"ಬೆಂದಿದೆ."

"ಮತ್ಯಾಕೆ ಅದನ್ನ ಹಾಗೆ ದಿಟ್ಟಿಸ್ತೀರಿ, ಕಳೆದುಹೋದ ತಮ್ಮನ ಥರ?"

ಇನ್ನು ತಡೆಯಲಾಗಲಿಲ್ಲ. ಪ್ರತಿಜ್ಞೆ, ಕ್ಯಾಮೆರಾ ಪೆಟ್ಟಿಗೆ, ಸಿಗಡಿಯ ತ್ಯಾಗ, ಹನ್ನೊಂದು ಐವತ್ತೇಳು, ಎಲ್ಲವನ್ನೂ ಮಸಾಯೋಶಿಯವರು ಪಟಪಟ ಒಪ್ಪಿಸಿಬಿಟ್ಟರು. "ನಿನಗೆ ಕೊಟ್ಟ ಮಾತು ಮುರಿದೆ ಫುಜಿಯೆ. ಆದ್ರೂ ಆ ಮಹಾನುಭಾವ ಇದಾನಲ್ಲ! ನಾನು ಒಂಬತ್ತು ದಿನ ಅಳೆದು ಸುರಿದು ನೋಡಿದ್ದನ್ನ ಒಂದೇ ಏಟಿಗೆ ಹೊಡ್ಕೊಂಡು ಹೋದ! ಎಂಥ ಎದೆಗಾರಿಕೆ! ಎದುರಿಗೆ ಬಂದ್ರೆ ಕೈ ಮುಗೀಬೇಕು ಅನ್ಸುತ್ತೆ ಕಣೇ."

ಫುಜಿಯೆ ಊಟದ ಕಡ್ಡಿಗಳನ್ನು ಕೆಳಗಿಟ್ಟರು.

"ಮುಗೀರಿ ಹಾಗಾದ್ರೆ."

"ಏನನ್ನ?"

"ಕೈಯನ್ನ. ಆ ಕೋಣೆ ಹಿಡಿದಿದ್ದು ನಾನೇ."

ಮಸಾಯೋಶಿಯವರ ಬಾಯಿಂದ ಮೂಲಂಗಿ ತಟ್ಟೆಗೆ ಬಿತ್ತು.

"ನೀನಾ? ಹೇಗೆ? ಪಾಯಿಂಟು ಎಲ್ಲಿಂದ ಬಂತು?"

"ಹನ್ನೊಂದು ವರ್ಷದ ಹಿಂದೆ, ಅಂಗಡಿಯಲ್ಲಿ ಒಬ್ಬಳು ಈ ಹೋಟೆಲಿನ ಕಾರ್ಡ್ ತಗೊಂಡ್ರೆ ಪಾತ್ರೆ ಪುಕ್ಕಟೆ ಅಂದ್ಲು. ಪಾತ್ರೆಗೋಸ್ಕರ ತಗೊಂಡೆ. ಅದೇ ನೋಡಿ, ಈಗ ಮೂಲಂಗಿ ಬೇಯಿಸಿದ್ದು. ಆಮೇಲೆ ತರಕಾರಿ, ಗ್ಯಾಸು, ಮಗಳ ಕಾಲೇಜು ಫೀಸು, ಎಲ್ಲಾ ಆ ಕಾರ್ಡಲ್ಲೇ. ಖರ್ಚು ಮಾಡಿದಷ್ಟೂ ಪಾಯಿಂಟು. ನಿಮ್ಮ ಎರಡು ದವಡೆ ಹಲ್ಲು ಕಟ್ಟಿಸಿದ್ದಕ್ಕೇ ಒಂದು ದಿನದ ಕೋಣೆ ಬಂತು!"

ಫೋನು ತೆರೆದು ತೋರಿಸಿದರು. ಅಲ್ಲಿದ್ದ ಸಂಖ್ಯೆ ಕಂಡು ಮಸಾಯೋಶಿಯವರಿಗೆ ತಲೆ ಸುತ್ತಿತು. ಮಹಡಿಯಿಂದ ಕೆಳಗೆ ನೋಡಿದರೆ ಸುತ್ತುವ ಹಾಗೆಯೇ. ಏಳು ಫೋನಿನ ಯಜಮಾನ ಇಷ್ಟು ವರ್ಷ ತಮ್ಮ ಎದುರಿಗೇ ಕೂತು ಮೂಲಂಗಿ ಬಡಿಸುತ್ತಿದ್ದ!

"ನಾನು ಆ ಕೋಣೆ ಮೇಲೆ ಕಣ್ಣಿಟ್ಟಿದ್ದು ನಿಂಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಅಂಗಿ ಒಗೆಯೋರು ಯಾರು? ದಿನಾ ಜೇಬಲ್ಲಿ ಒಂದೊಂದು ಚೀಟಿ. ಅದಿರ್ಲಿ, ಎರಡು ವರ್ಷದಿಂದ ಅಂಗಿ ಮೇಲೆ ಒಂದು ತೆಂಪುರಾ ಎಣ್ಣೆ ಕಲೆ ಇಲ್ಲ. ದುಡ್ಡು ಕೂಡಿಡ್ತಿದ್ದೀರಿ ಅಂತ ಅವತ್ತೇ ಗೊತ್ತಾಯ್ತು. ನೀವು ಒಂಬತ್ತು ದಿನದಿಂದ ಕೋಣೆ ನೋಡ್ತಿದ್ರಿ, ನಾನು ಒಂಬತ್ತು ದಿನದಿಂದ ನಿಮ್ಮನ್ನ ನೋಡ್ತಿದ್ದೆ."

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತೇನೇ?"

"ನೀವು ಅಷ್ಟು ಖುಷಿಯಾಗಿ ಯೋಚ್ನೆ ಮಾಡ್ತಿದ್ರಿ, ಕೆಡಿಸೋಕೆ ಮನಸ್ಸಾಗ್ಲಿಲ್ಲ. ಹನ್ನೆರಡಕ್ಕೆ ಗಡುವು, ನೀವು ಹನ್ನೆರಡೂವರೆ ತನಕ ಯೋಚಿಸ್ತೀರಿ ಅಂತ ಗ್ಯಾರಂಟಿ ಇತ್ತು. ಹನ್ನೊಂದು ಐವತ್ತೈದಕ್ಕೆ ನಾನೇ ಒತ್ತಿದೆ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ನೀವು ಹೊತ್ತಿಗೆ ಸರಿಯಾಗಿ ತೀರ್ಮಾನ ಮಾಡ್ತೀರಿ ಅಂತ ನಂಗೇನು ಕನಸು ಬಿದ್ದಿತ್ತಾ?"

ಮಸಾಯೋಶಿಯವರು ಕೈ ಮುಗಿದರು. ತಮಾಷೆಗಲ್ಲ, ನಿಜವಾಗಿಯೇ.

ನವೆಂಬರ್ ಇಪ್ಪತ್ತಮೂರರ ಮಧ್ಯಾಹ್ನ ಕೋಬೆಯ ಹೋಟೆಲಿನಲ್ಲಿ, ಮೇಜಿನ ಹಿಂದಿದ್ದ ಹುಡುಗಿ ಫುಜಿಯೆಯನ್ನು ಕಂಡದ್ದೇ ಸೊಂಟ ಮುರಿಯುವಷ್ಟು ಬಗ್ಗಿದಳು. "ಹನ್ನೊಂದು ವರ್ಷದ ಸದಸ್ಯರು! ದಯಮಾಡಿಸಬೇಕು ಅಮ್ಮಾ." ಆಮೇಲೆ ಮಸಾಯೋಶಿಯವರತ್ತ ತಿರುಗಿ ಅಷ್ಟೇ ನಯವಾಗಿ ಕೇಳಿದಳು: "ಇವರು ತಮ್ಮ ಜೊತೆ ಬಂದವರಾ?"

"ಹೌದು. ಮೂವತ್ತು ವರ್ಷದಿಂದ ಜೊತೆಗೇ ಬರ್ತಿದ್ದಾರೆ" ಎಂದರು ಫುಜಿಯೆ.

ಮೂವತ್ತೊಂದನೇ ಮಹಡಿಯಲ್ಲಿ ಪರದೆ ಸರಿಸಿದಾಗ, ಸಮುದ್ರ ನಿಜಕ್ಕೂ ಕಾಲಡಿಗೇ ಬಂದಿತ್ತು. ಹಡಗುಗಳು ಅಕ್ಕಿಕಾಳಿನಷ್ಟು. "ಅಬ್ಬಾ!" ಎಂಬ ಉದ್ಗಾರ ಹೊರಟಿತು. ಹೊರಟದ್ದು ಮಸಾಯೋಶಿಯವರ ಬಾಯಿಂದ. ಫುಜಿಯೆ ಗಾಜಿಗೆ ಹಣೆ ಹಚ್ಚಿ ನಿಂತರು. ಕಣ್ಣಂಚು ಒದ್ದೆಯಾಗಿತ್ತು. ಸಮುದ್ರ ನೋಡಲೋ ಹೆಂಡತಿಯನ್ನು ನೋಡಲೋ ಎಂದು ಮಸಾಯೋಶಿಯವರಿಗೆ ಅಲ್ಲೂ ತೀರ್ಮಾನವಾಗಲಿಲ್ಲ.

ಕೊನೆಗೆ ಅಳುಕುತ್ತ ಕೇಳಿದರು: "ನನ್ನ ಪಾಯಿಂಟು ಏನ್ಮಾಡೋದೇ? ಹಾಗೇ ಬಿದ್ದಿದೆ."

ಫುಜಿಯೆ ಕಣ್ಣೊರೆಸಿಕೊಂಡು ಚೀಲಕ್ಕೆ ಕೈಹಾಕಿ, ನಿಲ್ದಾಣದಲ್ಲಿ ಕೊಂಡ ಪೊಟ್ಟಣವೊಂದನ್ನು ಗಂಡನ ಕೈಗಿಟ್ಟರು. ಬಿಚ್ಚಿದರೆ, ಎರಡು ಸಿಗಡಿ ತೆಂಪುರಾ!

"ಮೊದಲು ಇದನ್ನ ತಿನ್ನಿ. ಬರೋ ವರ್ಷ ಇದೇ ದಿನ ನೀವು ನನ್ನನ್ನ ಕರ್ಕೊಂಡು ಬನ್ನಿ. ಯೋಚ್ನೆ ಮಾತ್ರ ಈಗ್ಲೇ ಶುರು ಮಾಡಿ. ಇನ್ನು ಬರೀ ಒಂದೇ ವರ್ಷ ಇರೋದು!"