ಕೃತಜ್ಞತೆಯ ಊಟ

ಉಪೇಂದ್ರ ಅಡುಗೆಯ ಗದಿಗೆಮ್ಮನಿಗೆ ಕುರ್ಚಿ ಕೊಟ್ಟದ್ದೇ ತಪ್ಪಾಯಿತು.

ಹೈದರಾಬಾದಿನ ಮಾದಾಪುರದಲ್ಲಿದ್ದ ಅವನ ಫ್ಲಾಟಿಗೆ ಅವಳು ರೊಟ್ಟಿ ಬಡಿಯಲು ಬರತೊಡಗಿ ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ 'ಬಾ ಗದಿಗೆಮ್ಮಾ' ಎನ್ನುತ್ತಿದ್ದವನು ಆ ಬೆಳಿಗ್ಗೆ, "ಬರ್ರಿ ಗದಿಗೆಮ್ಮಾರ, ಕುಂದರ್ರಿ" ಎಂದು ಊಟದ ಮೇಜಿನ ಕುರ್ಚಿ ಎಳೆದ. ಗದಿಗೆಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಸಿಂಧನೂರು ಬಿಟ್ಟು ಹೈದರಾಬಾದಿಗೆ ಬಂದ ಮೇಲೆ ಅವಳು ಬಹಳ ಅಡುಗೆಮನೆಗಳನ್ನು ಕಂಡವಳು. ಕೆಲಸದವಳಿಗೆ ಕುರ್ಚಿ ಕೊಟ್ಟ ಮನೆಯಲ್ಲಿ ಮುಂದಿನ ಮಾತು ಎರಡೇ ಬಗೆಯದು: ನಾಳೆಯಿಂದ ಬರಬೇಡ, ಇಲ್ಲವೇ ಉಂಗುರ ಕಾಣುತ್ತಿಲ್ಲ.

"ಏನ್ ಕಳದೈತ್ರಿ?" ಎಂದು ನೇರವಾಗಿ ಕೇಳಿದಳು.

ಏನೂ ಕಳೆದಿರಲಿಲ್ಲ, ಕಳೆಯುವ ಭಯವಿತ್ತು. ಉಪೇಂದ್ರನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಜಾಗ ತೆರವಾಗಿತ್ತು. ಕಣದಲ್ಲಿ ಉಳಿದವರು ಅವನು ಮತ್ತು ಪಕ್ಕದ ಸೀಟಿನ ದೀಪಕ. ಅಷ್ಟರಲ್ಲಿ ಹೊಸದಾಗಿ ಬಂದ ನಿರ್ದೇಶಕ ಜನಾರ್ದನ ಅವರು 'ಕೃತಜ್ಞತೆಯ ಊಟ' ಎಂಬ ಕಾರ್ಯಕ್ರಮ ಹಾಕಿಕೊಂಡರು. ಪ್ರತಿಯೊಬ್ಬರೂ ತಮ್ಮ ಮನೆಯ ಕೆಲಸದವರೊಬ್ಬರನ್ನು ಕರೆತರಬೇಕು, ಕೂರಿಸಿ ತಾವೇ ಬಡಿಸಬೇಕು, ಬಡಿಸುವವರು ಸಾದಾ ಬಟ್ಟೆಯಲ್ಲಿರಬೇಕು. ಊಟ ಮುಗಿದ ಮೇಲೆ ಲೀಡ್ ಯಾರೆಂಬ ಪ್ರಕಟಣೆ. ವಿನಯವಿಲ್ಲದವನು ನಾಯಕನಾಗಲಾರ ಎಂದು ಜನಾರ್ದನ ಅವರು ಹೇಳಿದ್ದನ್ನು ಇಡೀ ಕಚೇರಿ ಮಗ್ಗಿಯಂತೆ ಬಾಯಿಪಾಠ ಮಾಡಿತ್ತು.

ಇಷ್ಟೆಲ್ಲ ವಿವರಿಸಿದರೂ ಗದಿಗೆಮ್ಮ ಒಪ್ಪಲಿಲ್ಲ. ಆ ಹೊತ್ತಿಗೆ ಇನ್ನೊಂದು ಮನೆಯ ರೊಟ್ಟಿ ಇದೆ ಎಂದಳು. ಕ್ಯಾಂಟೀನಿನ ಅನ್ನ ತನಗೆ ಆಗಿಬರುವುದಿಲ್ಲ ಎಂದಳು. ಉಪೇಂದ್ರನ ಹೆಂಡತಿ ನಿರೀಕ್ಷಾ ಬಂದು ಗಂಡನ ಪರವಾಗಿ ಬೇಡಿಕೊಂಡಳು. ಕೊನೆಗೆ ಅವನ ಮುಖ ಹಂಚಿನ ಮೇಲೆ ಉಬ್ಬದ ರೊಟ್ಟಿಯ ಹಾಗೆ ಚಪ್ಪಟೆಯಾದದ್ದನ್ನು ಕಂಡು ಗದಿಗೆಮ್ಮನಿಗೆ ಕನಿಕರ ಬಂತು.

"ನಿಮ್ಮ ಮಾರಿ ನೋಡಿ ಬರ್ತೀನಿ. ಆದ್ರ ಸ್ಕೂಟರ್ ಮ್ಯಾಲ ಬರಂಗಿಲ್ಲ. ನನಗೂ ನಾಕ್ ಮಂದ್ಯಾಗ ಮರ್ಯಾದಿ ಐತಿ."

ಊಟದ ದಿನ ಕ್ಯಾಬ್ ಬಂತು. ಗದಿಗೆಮ್ಮ ಇಳಕಲ್ ಸೀರೆ ಉಟ್ಟು, ಕೊರಳಿಗೆ ಬೋರಮಾಳ ಹಾಕಿ, ಮಲ್ಲಿಗೆ ಮುಡಿದು ಹಿಂದಿನ ಸೀಟಿನಲ್ಲಿ ಕೂತಳು. ಉಪೇಂದ್ರ ಮನೆಗೆ ಸುಣ್ಣ ಹೊಡೆದಾಗ ಹಾಕಿಕೊಂಡಿದ್ದ ಅಂಗಿ ತೊಟ್ಟು ಡ್ರೈವರನ ಪಕ್ಕ ಕೂತ. ದಿನದ ಅಂಗಿಯ ಜೊತೆಗೆ ಗುರುತಿನ ಚೀಟಿಯೂ ಮನೆಯಲ್ಲೇ ಉಳಿದಿತ್ತು.

ಕಚೇರಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಗದಿಗೆಮ್ಮನಿಗೆ ಸಲಾಮು ಹೊಡೆದು ಬಾಗಿಲು ತೆರೆದ. ಉಪೇಂದ್ರನಿಗೆ ಡ್ರೈವರುಗಳು ಕೂಡುವ ತಗಡಿನ ಚಪ್ಪರ ತೋರಿಸಿದ. ಉಪೇಂದ್ರ ಹಿಂದಿಯಲ್ಲಿ ಹೇಳಿದ, ತೆಲುಗಿನಲ್ಲಿ ಹೇಳಿದ, ಇಂಗ್ಲಿಷಿನಲ್ಲಿ ಹೇಳಿದ. ಇಂಗ್ಲಿಷ್ ಕೇಳಿದ ಮೇಲೆ ಸೆಕ್ಯೂರಿಟಿಯವನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಒಳಗೆ ಹೋಗಿದ್ದ ಗದಿಗೆಮ್ಮ ತಿರುಗಿ ಬಂದಳು.

"ಛೋಡ್ ದೋ ಬಾಬಾ, ಹಮಾರಾಚ್ ಆದ್ಮಿ ಹೈ."

ಬಿಡಪ್ಪಾ, ನಮ್ಮವನೇ ಎಂದು ಅವಳು ಜಾಮೀನು ನಿಂತ ಮೇಲೆ ಉಪೇಂದ್ರನಿಗೆ ತನ್ನ ಕಚೇರಿಯೊಳಗೆ ಪ್ರವೇಶ ಸಿಕ್ಕಿತು.

ಒಳಗೆ ಬಾಳೆಲೆ ಹಾಸಿತ್ತು. ಊಟಕ್ಕೆ ಮುಂಚೆ ಒಬ್ಬೊಬ್ಬರೂ ಎದ್ದು ತಾವು ಕರೆತಂದವರ ಗುಣಗಾನ ಮಾಡಿದರು. ಒಬ್ಬರು ತಮ್ಮ ಕೆಲಸದವಳಿಗೆ ಹಬ್ಬಕ್ಕೆ ತಪ್ಪದೆ ಹಳೆಯ ಸೀರೆ ಕೊಡುವುದಾಗಿ ಹೇಳಿದರು. ಇನ್ನೊಬ್ಬರಿಗೆ ತಮ್ಮ ಅಡುಗೆಯವಳ ಮೇಲೆ ಎಷ್ಟು ನಂಬಿಕೆಯೆಂದರೆ ಫ್ರಿಜ್ಜಿಗೆ ಬೀಗವನ್ನೇ ಹಾಕುವುದಿಲ್ಲವಂತೆ. ಕರೆಸಿಕೊಂಡವರು ತಲೆ ತಗ್ಗಿಸಿ ಎಲೆ ನೋಡುತ್ತಿದ್ದರು. ಎಲೆಯಲ್ಲಿ ಇನ್ನೂ ಏನೂ ಬಿದ್ದಿರಲಿಲ್ಲ.

ಉಪೇಂದ್ರ ಬಡಿಸತೊಡಗಿದ. ಮೊದಲು ಉಪ್ಪು ಹಾಕಬೇಕೆಂದು ಗದಿಗೆಮ್ಮ ತಿದ್ದಿದಳು. ಬಲಕ್ಕೆ ಹಾಕಿದಾಗ ಎಡಕ್ಕೆ ಎಂದಳು. ಅನ್ನಕ್ಕೆ ಗುಂಡಿ ಮಾಡಿಕೊಳ್ಳುವ ಮೊದಲೇ ಅವನು ಸುರಿದ ಸಾಂಬಾರು ಮೂಸಿ ನದಿಗೆ ಮಹಾಪೂರ ಬಂದಂತೆ ದಂಡೆ ಮೀರಿ, ಪಕ್ಕದಲ್ಲಿದ್ದ ದೀಪಕನ ಡ್ರೈವರ್ ರಾಮಕೃಷ್ಣನ ಪ್ಯಾಂಟಿಗೆ ಇಳಿಯಿತು. ಉಪೇಂದ್ರ ಬೆವರು ಒರೆಸಿಕೊಂಡ. ಗದಿಗೆಮ್ಮ ಲೊಚಗುಟ್ಟಿದಳು.

ಊಟ ಮುಗಿಯುವ ಹೊತ್ತಿಗೆ ಜನಾರ್ದನ ಅವರು ಮೈಕನ್ನು ಅತಿಥಿಗಳ ಕಡೆ ತಂದರು. ಮೈಸೂರಿನವರು, ಮಾತು ಮೆದು. ರಾಮಕೃಷ್ಣ ಎದ್ದು ನಿಂತು, ದೀಪಕ ಸಾರ್ ಬಯ್ಯುತ್ತಾರೆ, ತಡವಾದರೆ ಬಿಡುವುದಿಲ್ಲ, ಕಾರಿನಲ್ಲಿ ಕಣ್ಣು ಮುಚ್ಚಲು ಕೊಡುವುದಿಲ್ಲ ಎಂದು ಇದ್ದದ್ದು ಇದ್ದಂತೆ ಹೇಳಿಬಿಟ್ಟ. ದೀಪಕನ ಮುಖ ಕಪ್ಪಿಟ್ಟಿತು. ಉಪೇಂದ್ರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಗದಿಗೆಮ್ಮ ಮೈಕು ಹಿಡಿದಳು.

"ಇಂಥಾ ಮನಷ್ಯಾ ಹುಡುಕಿದ್ರೂ ಸಿಗಂಗಿಲ್ರಿ. ಒಂದಿನಾ ಜೋರಾಗಿ ಮಾತಾಡಿಲ್ಲ. ನಾ ತಡಾ ಮಾಡಿದ್ರ ತಾನ ಹಿಟ್ಟು ನಾದಿ ಇಟ್ಟಿರ್ತಾನ. ಅಡಗಿಮನ್ಯಾಗ ಬರಬ್ಯಾಡ ಅಂದ್ರ ಹೊರಗ ನಿಂತು ನೀರು ಕೇಳ್ತಾನ."

ಚಪ್ಪಾಳೆ ಬಿತ್ತು. ಜನಾರ್ದನ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೈ ತೊಳೆಯಲು ಹೊರಟ ಗದಿಗೆಮ್ಮನ ಜೊತೆ ತಾವೂ ನಡೆದು ಏನೋ ವಿಚಾರಿಸಿದರು. ಅವಳು ಉಪೇಂದ್ರನ ಕಡೆ ಬೆರಳು ತೋರಿಸುತ್ತ ಹೇಳುತ್ತಲೇ ಇದ್ದಳು, ಅವರು ತಲೆದೂಗುತ್ತಲೇ ಇದ್ದರು. ಉಪೇಂದ್ರ ಮೊಬೈಲು ತೆಗೆದು, ಸಿಹಿ ತರಿಸೆಂದು ನಿರೀಕ್ಷಾಗೆ ಮೆಸೇಜು ಕಳಿಸಿದ.

ಲೀಡ್ ಎಂದು ದೀಪಕನ ಹೆಸರು ಪ್ರಕಟವಾಯಿತು.

ಜನಾರ್ದನ ಅವರೇ ಉಪೇಂದ್ರನ ಬಳಿ ಬಂದು ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥ ವಿನಯವಂತರನ್ನ ನಾನು ನೋಡಿಲ್ಲ. ಆದ್ರೆ ಲೀಡ್ ಆದೋರು ಜನರ ಕೈಲಿ ಕೆಲಸ ತೆಗೀಬೇಕು ನೋಡಿ. ದೀಪಕ್ ತೆಗೀತಾರೆ, ಅವರ ಡ್ರೈವರೇ ಹೇಳಿದ್ನಲ್ಲ. ನೀವು ಹೀಗೇ ಇರಿ, ಇದೇ ಚೆನ್ನ." ಅತಿಥಿಗಳಿಗೆ ಹೊದಿಸಿ ಉಳಿದಿದ್ದ ಒಂದು ಶಾಲನ್ನು ಅವನಿಗೆ ಹೊದಿಸಿದರು.

ವಾಪಸು ಬರುವಾಗ ಕ್ಯಾಬಿನಲ್ಲಿ ಗದಿಗೆಮ್ಮನೇ ಮಾತು ತೆಗೆದಳು.

"ಮಾರಿ ಯಾಕ್ ಸಣ್ಣ ಮಾಡೀರಿ? ನಿಮ್ಮ ಕೆಲಸ ಮಾಡಿ ಬಂದೀನಿ. ದೊಡ್ಡ ಸಾಹೇಬ್ರು ಕೇಳಿದ್ರು, ಇವರಿಗೆ ಲೀಡು ಮಾಡಿದ್ರ ತಡಕೋತಾರೇನು ಅಂತ. ಬ್ಯಾಡ್ರಿ ಅಂದೆ. ಒಂದು ಎಲಿ ಬಡಸಾಕ ಇಷ್ಟು ಬೆವರ್ತಾರ, ಮಂದೀನ ಹೆಂಗ ನಡಸ್ತಾರ? ಪಾಪ, ಒಳ್ಳೇ ಜೀವ, ಬಿಟ್ಟಬಿಡ್ರಿ ಅಂತ ಕೈ ಮುಗದೆ. ದೇವ್ರಂಥಾ ಮನಷ್ಯಾ, ನನ್ನ ಮಾತು ನಡಸಿಕೊಟ್ರು."

ಉಪೇಂದ್ರ ಮೊಬೈಲು ತೆಗೆದು, ಸಿಹಿ ಬೇಡವೆಂದು ನಿರೀಕ್ಷಾಗೆ ಇನ್ನೊಂದು ಮೆಸೇಜು ಕಳಿಸಿದ.

"ಆ ದೀಪಕ ಸಾಹೇಬ್ರಿಗೂ ಹೇಳೀನಿ, ಇವರಿಗೆ ಹಗೂರ ಕೆಲಸ ಕೊಡ್ರಿ ಅಂತ. ಹೂಂ ಅಂದಾರ."

ಇಷ್ಟು ಹೇಳಿ ಗದಿಗೆಮ್ಮ ಸೀಟಿಗೆ ಒರಗಿ, ಅವನು ಏನಾದರೂ ಅನ್ನಲಿ ಎಂದು ಕಾದಳು. ಉಪೇಂದ್ರನಿಗೆ ಅನ್ನಲು ಬಹಳ ಇತ್ತು. ಆದರೆ ಮಾದಾಪುರದಲ್ಲಿ ಟೀಮ್ ಲೀಡ್ ಜಾಗ ಇನ್ನೊಂದು ವರ್ಷಕ್ಕಾದರೂ ತೆರವಾದೀತು. ಜೋಳದ ರೊಟ್ಟಿ ಬಡಿಯುವ ಇನ್ನೊಂದು ಕೈ ಸಿಗುವುದು ಕಷ್ಟ. ಅವನು ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು ಹಿಂದಕ್ಕೆ ತಿರುಗಿದ.

"ಭಾಳ ಉಪಕಾರ ಆತ್ರಿ, ಗದಿಗೆಮ್ಮಾರ" ಎಂದ.