ಹೆಪ್ಪು ಕೊಂದ ಮೇಷ್ಟ್ರು

ಓದು ಹೆಚ್ಚಾದಷ್ಟೂ ಮನುಷ್ಯ ಅಡುಗೆಮನೆಗೆ ಹೋಗುವುದನ್ನು ಕಡಿಮೆ ಮಾಡಬೇಕು. ಇಪ್ಪತ್ತೆಂಟು ವರ್ಷ ಹೊನ್ನಾಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ಹೇಳಿ ಸುಸ್ತಾದ ಮೇಲೆ ನನಗೆ ಉಳಿದಿರುವ ಜ್ಞಾನ ಇಷ್ಟೇ.

ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಹೊಸದು ಮಾಡಿ ಎಂದರು ಪ್ರಿನ್ಸಿಪಾಲರು. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಎಂಬ ಸಿಹಿರಸವನ್ನು ಮೊಸರಿನ ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿದರೆ ಅವು ಲ್ಯಾಕ್ಟಿಕ್ ಆಮ್ಲ ಮಾಡಿಕೊಡುತ್ತವೆ. ಕೆಲಸವೆಲ್ಲ ಅವುಗಳದು, ಹೆಸರು ನನ್ನದು. ಈ ವಯಸ್ಸಿಗೆ ಇಂಥದ್ದೇ ಸರಿ ಅನ್ನಿಸಿತು. ಒಂದು ಕ್ಯಾನ್ ನೀರಾ ತಂದು ಕುದಿಸಿದೆ. ಹೆಂಡತಿ ಸರೋಜ ಮನೆಯಲ್ಲಿರಲಿಲ್ಲ. ಹೆಪ್ಪು ಹಾಕಲೆಂದು ಅವಳು ಎತ್ತಿಟ್ಟಿದ್ದ ಮೊಸರಿನ ಬಟ್ಟಲು ಕಣ್ಣಿಗೆ ಬಿತ್ತು. ಆರುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಹಬೆಯಾಡುತ್ತಿದ್ದ ನೀರಾಕ್ಕೆ ಅಷ್ಟನ್ನೂ ಬಳಿದು ಹಾಕಿ, ರಾತ್ರಿ ಮಲಗುವ ಮುಂಚೆ ಆರಿದ್ದನ್ನು ತಂದ ಕ್ಯಾನಿಗೇ, ಅದನ್ನು ತೊಳೆಯದೆ, ವಾಪಸ್ ಸುರಿದು ಮೂಲೆಗಿಟ್ಟೆ.

ಮರುದಿನ ಮನೆಯೆಲ್ಲ ಹೆಂಡದ ವಾಸನೆ. ದಿನಾ ಲಿಂಗಪೂಜೆ ನಡೆಯುವ ಮನೆ ನಮ್ಮದು, ಶಿವ ಶಿವಾ! ಬಿಸಿಗೆ ಮೊಸರಿನ ಜೀವಿಗಳು ಸತ್ತು, ಕ್ಯಾನಿಗೆ ಅಂಟಿದ್ದ ಯೀಸ್ಟು ರಾಜ್ಯವಾಳಿತ್ತು. ಸರೋಜ ಮೂಗು ಮುಚ್ಚಿಕೊಂಡೇ ಖಾಲಿ ಬಟ್ಟಲು ನೋಡಿದಳು. ಅವಳ ಕಣ್ಣು ತುಂಬಿತು.

"ಮದ್ವಿಯಾಗಿ ಬರುವಾಗ ನಮ್ಮವ್ವ ಕೊಟ್ಟಿದ್ದ ಹೆಪ್ಪು ರೀ ಅದು. ಒಂದಿನ ತಪ್ಪಿಸದಂಗೆ ಕಾಪಾಡ್ಕಂಡು ಬಂದಿದ್ದೆ. ಬೆರಳು ಅದ್ದಿ ನೋಡಾಕೆ ಏನಾಗಿತ್ತು ನಿಮಗೆ?"

"ಅಂಗಡಿಯಾಗೆ ಮೊಸರು ಸಿಗಲ್ವೇನೆ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ದಿನ ಊಟಕ್ಕೆ ಮಜ್ಜಿಗೆ ಇಲ್ಲ. ನಿಜ ಹೇಳುತ್ತೇನೆ, ಕಳೆದುಕೊಂಡದ್ದು ಏನೆಂದು ನನಗೂ ಆಗಲೇ ಗೊತ್ತಾದದ್ದು. ಅಷ್ಟು ವರ್ಷದಿಂದ ನಾನು ಉಂಡದ್ದು ಅದೇ ಮೊಸರು.

ಭಾನುವಾರ ಬಸ್ಸು ಹತ್ತಿ ಬಸವಾಪಟ್ಟಣಕ್ಕೆ, ಅತ್ತೆಯ ಮನೆಗೆ ಹೋದೆ. ಅವರು ಕಥೆಯನ್ನೆಲ್ಲ ಕೇಳಿ ಒಳಗೆ ಹೋಗಿ, ಸ್ಟೀಲಿನ ಎರಡು ಪುಟ್ಟ ಡಬ್ಬಿ ತಂದರು. ಹೆಪ್ಪನ್ನು ಕೈಯಿಂದ ಕೈಗೆ ಕೊಡಬಾರದಂತೆ, ನೆಲದ ಮೇಲಿಟ್ಟರು.

"ತಗಳ್ರಿ ಅಳಿಯಂದ್ರೆ. ಒಂದು ನಮ್ಮ ಸರೋಜಂಗೆ."

"ಇನ್ನೊಂದು?"

"ಅದು ನಿಮಗೆ, ಕೆಡಿಸಾಕೆ."

ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಹೊನ್ನಾಳಿಯಲ್ಲಿ ಇಳಿಯುವಷ್ಟರಲ್ಲಿ ಯಾವುದು ಅವಳದು, ಯಾವುದು ನನ್ನದು ಎಂದು ಮರೆತು ಬೆವರಿಬಿಟ್ಟೆ. ಎರಡರಲ್ಲೂ ಇರುವುದು ಒಂದೇ ಹೆಪ್ಪು ಎಂದು ಹೊಳೆಯಲು ರಸಾಯನಶಾಸ್ತ್ರದ ಮೇಷ್ಟ್ರಿಗೆ ಮನೆಯ ಬಾಗಿಲವರೆಗೂ ನಡೆಯಬೇಕಾಯಿತು.