ಬ್ಯಾನರಿನಲ್ಲಿ ಸುತ್ತಿದ ಬಂದೂಕು

ಬ್ಯಾಂಕಿನ ಗಾರ್ಡಿಗೆ ಬ್ಯಾಂಕು ಬಂದೂಕು ಕೊಡುತ್ತಿರಲಿಲ್ಲ. ಬಂದೂಕೂ ಸ್ವಂತದ್ದಿರಬೇಕು, ಲೈಸೆನ್ಸೂ ಸ್ವಂತದ್ದಿರಬೇಕು. ಹಾಗಾಗಿ ನಮ್ಮ ಗಾರ್ಡಣ್ಣ ತನ್ನ ಜೋಡುನಳಿಗೆ ಬಂದೂಕನ್ನು ಹತ್ತೊಂಬತ್ತು ವರ್ಷದಿಂದ ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ ಹೊತ್ತು ಹೊತ್ತು ಒಂದು ಭುಜವನ್ನೇ ಇಳಿಸಿಕೊಂಡಿದ್ದ. ಅಷ್ಟು ವರ್ಷದಲ್ಲಿ ಆ ಬಂದೂಕು ಯಾರಿಗೂ ತೊಂದರೆ ಕೊಟ್ಟಿದ್ದಿಲ್ಲ. ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮಗನ ಫೋನು ಬಂತು.

"ಅಪ್ಪಾ, ಹನ್ನೊಂದಕ್ಕೆ ಕ್ಯಾಂಪಿಂದ ನಮ್ಮ ಲಾರಿಗಳು ಗಡಿಗೆ ಹೊರಡ್ತವೆ. ಮನೆಯವರನ್ನ ಒಳಗೆ ಬಿಡ್ತಾರಂತೆ. ಬರ್ತೀಯಾ?"

ಮಗ ಸೈನ್ಯಕ್ಕೆ ಸೇರಿದ್ದು ಅಪ್ಪನ ಮಾತು ಮೀರಿ. ಅವನು ಮನೆ ಬಿಟ್ಟ ದಿನ ಗಾರ್ಡಣ್ಣ ಸಿಟ್ಟಿನಲ್ಲಿ "ಹೋಗು" ಅಂದಿದ್ದ. "ಹೋಗಿ ಬಾ" ಅಂದಿರಲಿಲ್ಲ. ಆ ಒಂದು ಮಾತು ಎಂಟು ತಿಂಗಳಿಂದ ಗಂಟಲಲ್ಲೇ ಸಿಕ್ಕಿಕೊಂಡು ತುತ್ತು ಇಳಿಯದಂತಾಗಿತ್ತು. ಇದಕ್ಕೆ ಮುಂಚೆ ಗಡಿಗೆ ಹೋದ ತಂಡದಲ್ಲಿ ಅರ್ಧಕ್ಕರ್ಧ ಹುಡುಗರು ತಿರುಗಿ ಬಂದಿರಲಿಲ್ಲ.

"ಬಂದೆ ಕಣೋ. ನಾನು ಬರೋವರೆಗೂ ಲಾರಿ ಹತ್ತಬೇಡ," ಎಂದ.

ಮ್ಯಾನೇಜರು ತಕ್ಷಣ ರಜೆ ಕೊಟ್ಟರು. ಬಂದೂಕು ಇಟ್ಟುಕೊಳ್ಳಲು ಮಾತ್ರ ಸುತರಾಂ ಒಪ್ಪಲಿಲ್ಲ. "ಲೈಸೆನ್ಸ್ ನಿಮ್ಮ ಹೆಸರಲ್ಲಿದೆ ರೀ. ನಾನು ಮುಟ್ಟಿದ್ರೆ ನನ್ನ ನೌಕರಿಗೇ ಸಂಚಕಾರ." ಮನೆಗೆ ಹೋಗಿ ಇಟ್ಟು ಬರೋಣವೆಂದರೆ ಅದು ಊರಿನ ಇನ್ನೊಂದು ತುದಿ.

"ಹಿಂಗೇ ಹಿಡ್ಕೊಂಡು ಹೋದ್ರೆ ಜನ ಗಾಬರಿ ಬೀಳ್ತಾರೆ. ಇರಿ, ಸುತ್ತಿಕೊಡ್ತೀನಿ," ಎಂದು ಕ್ಯಾಷಿಯರಮ್ಮ ಮೂಲೆಯಲ್ಲಿದ್ದ ಹಳೇ ಬ್ಯಾನರು ತಂದಳು. ಎಳೇ ಕೂಸಿಗೆ ಬಟ್ಟೆ ಸುತ್ತುವಂತೆ ಸುತ್ತಿ ದಾರ ಬಿಗಿದಳು. ಹೊರಗೆ 'ನಿಶ್ಚಿಂತೆಯಿಂದಿರಿ' ಎಂಬಷ್ಟು ಅಕ್ಷರ ಮಾತ್ರ ಕಾಣುತ್ತಿತ್ತು.

ಅಲ್ಲ ಸ್ವಾಮಿ, ಬಂದೂಕಿಗೆ ಅಷ್ಟು ಸುತ್ತು ಹಾಕಿದವಳು ಈ ಮಹಾರಾಯನ ಬಾಯಿಗೂ ಒಂದು ಸುತ್ತು ಹಾಕಬಾರದಿತ್ತೆ? ಬಸ್ಸಿನಲ್ಲಿ ಕಂಡಕ್ಟರು ಸುಮ್ಮನೆ ಕೇಳಿದ, "ಏನ್ರೀ ಅದು, ಪೈಪಾ?"

"ಅಲ್ಲಪ್ಪ, ಬಂದೂಕು."

ಬಸ್ಸು ನಿಂತೇಬಿಟ್ಟಿತು. ಮುಂದಿನ ಬಾಗಿಲಿಂದ ಅರ್ಧ ಜನ, ಹಿಂದಿನ ಬಾಗಿಲಿಂದ ಅರ್ಧ ಜನ, ಕಿಟಕಿಯಿಂದ ಒಬ್ಬ ದಪ್ಪ ಮೇಷ್ಟ್ರು. ಡ್ರೈವರಂತೂ ಎಲ್ಲರಿಗಿಂತ ಮೊದಲೇ ಹಾರಿದ್ದ. ಖಾಲಿ ಬಸ್ಸಿನಲ್ಲಿ ಒಬ್ಬನೇ ಕೂತು ಏನು ಮಾಡುವುದು? ಉಳಿದ ಎರಡು ಮೈಲಿಯನ್ನು ಗಾರ್ಡಣ್ಣ ಬಂದೂಕು ಅವುಚಿಕೊಂಡು ಓಡಿದ.

ಸೈನ್ಯದ ಕ್ಯಾಂಪಿನ ಗೇಟು ತಲುಪಿದಾಗ ಹತ್ತೂಕಾಲು. ಏದುಸಿರು ಬಿಡುತ್ತಾ ಹೇಳಿದ, "ಸಾರ್, ನನ್ನ ಹತ್ರ ಬಂದೂಕಿದೆ, ನಾನು ಒಳಗೆ ಹೋಗ್ಬೇಕು."

ಸೈರನ್ ಕೂಗಿತು. ಐದು ಜನ ನೆಲಕ್ಕೆ ಬಿದ್ದು ಗುರಿಯಿಟ್ಟರು. "ಕೈ ಮೇಲೆತ್ತು!" ಎಂದೊಬ್ಬ ಅರಚಿದ. ಗಾರ್ಡಣ್ಣ ಎತ್ತಿದ, ಬಂದೂಕಿನ ಸಮೇತ. "ಕೆಳಗಿಡೋ!" ಎಂದು ಇನ್ನೊಬ್ಬ ಅರಚಿದ. ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಗಾರ್ಡಣ್ಣ ಬಂದೂಕಿನ ಮೇಲೆಯೇ ಮಕಾಡೆ ಬಿದ್ದ.

ಗಾರ್ಡ್‌ರೂಮಿನಲ್ಲಿ ಹವಾಲ್ದಾರ ಲೈಸೆನ್ಸು ನೋಡಿದ, ಬಂದೂಕು ಬಿಚ್ಚಿ ನಳಿಗೆಯೊಳಗೆ ಇಣುಕಿದ. ಅಲ್ಲಿ ಒಂದು ಜೇಡರ ಸಂಸಾರ ಸುಖವಾಗಿತ್ತು.

"ಇದರಲ್ಲಿ ಯಾವಾಗಾದ್ರೂ ಗುಂಡು ಹೊಡೆದಿದ್ದೀರಾ?"

"ಒಂದೇ ಸಲ ಸಾರ್, ಕೆಲಸಕ್ಕೆ ಸೇರೋವಾಗ."

"ಯಾರಿಗಾದ್ರೂ ಏಟಾಯ್ತಾ?"

"ನನ್ನ ಭುಜಕ್ಕೆ."

ಹವಾಲ್ದಾರ ನಗಲಿಲ್ಲ. ಖಾಸಗಿ ಬಂದೂಕು ತಂದವರು ಅದನ್ನು ಶಸ್ತ್ರಾಗಾರದಲ್ಲಿ ಒಪ್ಪಿಸಿ ಟೋಕನ್ ಪಡೆಯಬೇಕು, ಅದಕ್ಕೆ ಮೂರು ಪ್ರತಿ ಫಾರಂ ತುಂಬಬೇಕು. 'ಬಂದೂಕು ತಂದ ಉದ್ದೇಶ' ಎಂಬಲ್ಲಿ ಗಾರ್ಡಣ್ಣ 'ಮಗನನ್ನು ನೋಡಲು' ಎಂದು ಬರೆದ.

"ಅಯ್ಯೋ ಮಹಾನುಭಾವ! ಹಿಂಗೆ ಬರೆದ್ರೆ ನಿಮ್ಮನ್ನ ಜೈಲಿಗೆ ಹಾಕ್ತಾರೆ. ಹೊಡೆದು ಹಾಕಿ ಮೂರನ್ನೂ ಹೊಸದಾಗಿ ಬರೀರಿ."

ಹೊಸದಾಗಿ ಬರೆಯುತ್ತಾ ಸಾಲಿಗೊಮ್ಮೆ ತಲೆಯೆತ್ತಿ ಗಡಿಯಾರ ನೋಡಿದ. ಟೋಕನ್ ಕೈಗೆ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಪುಣ್ಯಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಗಾರ್ಡಣ್ಣ ಮೈದಾನಕ್ಕೆ ಓಡಿದ.

ಮೈದಾನ ಬರಿದಾಗಿತ್ತು. ನೆಲದ ಮೇಲೆ ಚಕ್ರದ ಗುರುತು, ಕೈಯಲ್ಲಿ ಪಟ್ಟಿ ಹಿಡಿದ ಒಬ್ಬ ಸುಬೇದಾರ, ಅಷ್ಟೇ.

"ಲಾರಿ ಹನ್ನೊಂದಕ್ಕಲ್ವಾ ಸಾರ್?"

"ಹನ್ನೊಂದಕ್ಕೇ ಇತ್ತು. ಗೇಟಲ್ಲಿ ಯಾವನೋ ಹುಚ್ಚ ಬಂದೂಕು ಹಿಡ್ಕೊಂಡು ನುಗ್ತಿದ್ದಾನೆ ಅಂತ ಸೈರನ್ ಆಯ್ತಲ್ಲ? ತಕ್ಷಣ ಅಷ್ಟೂ ಹುಡುಗರನ್ನ ಹತ್ತಿಸಿ ಹಿಂದಿನ ಗೇಟಿಂದ ಕಳಿಸಿಬಿಟ್ವಿ. ನೀವು ಯಾರ ಕಡೆಯವರು?"

ಗಾರ್ಡಣ್ಣ ಮಗನ ಹೆಸರು ಹೇಳಿದ. ಸುಬೇದಾರನ ಮುಖ ಮೆತ್ತಗಾಯಿತು.

"ಓ, ಅವನ ತಂದೆನಾ! ಲಾರಿ ಹತ್ತೋಕೇ ಒಪ್ಪಲಿಲ್ಲ ನೋಡಿ. ಇಬ್ಬರು ಹಿಡಿದು ಎತ್ತಿ ಹಾಕಬೇಕಾಯ್ತು. 'ನಮ್ಮಪ್ಪ ಈಗ ಗೇಟ್ ಹತ್ರಾನೇ ಇರ್ತಾರೆ ಸಾರ್, ಆ ಹುಚ್ಚ ಅವರಿಗೇನಾದ್ರೂ ಮಾಡಿಬಿಟ್ರೆ? ನನ್ನ ಬಿಡಿ ಸಾರ್' ಅಂತ ಅಳ್ತಾನೇ ಹೋದ."

ಗಾರ್ಡಣ್ಣ ಚಕ್ರದ ಗುರುತಿನ ಪಕ್ಕದಲ್ಲೇ ಕುಕ್ಕರಿಸಿದ. ಬಿಕ್ಕಿ ಬಿಕ್ಕಿ ಅತ್ತ.

"ಅಳಬೇಡಿ ರೀ," ಎಂದು ಸುಬೇದಾರ ಪಕ್ಕದಲ್ಲಿ ಬಗ್ಗಿ ಬೆನ್ನು ಸವರಿದ. "ಆ ಹುಚ್ಚನ ಕೈಗೆ ಸಿಗದೆ ನೀವು ಉಳಿದ್ರಲ್ಲ, ಅದೇ ದೊಡ್ಡದು. ಅದಿರಲಿ, ಗೇಟಿಂದ ತಾನೇ ಬಂದ್ರಿ? ಆ ದರಿದ್ರದವನನ್ನ ನೀವೇನಾದ್ರೂ ನೋಡಿದ್ರಾ?"